ಕಣ್ಣ ಮೇಲಿನ ಬೆಣ್ಣೆ

ದಾವಣಗೆರೆಯ ಡಾಕ್ಟರು ನನ್ನ ರಕ್ತದ ವರದಿಯನ್ನು ತಿರುವಿ ತಿರುವಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಕಳ್ಳನನ್ನು ವಿಚಾರಿಸುವ ದನಿಯಲ್ಲಿ, "ಅಜ್ಜಾರೆ, ನಿಜ ಹೇಳ್ರಿ. ತುಪ್ಪ ತಿಂತೀರಾ?" ಎಂದರು.

"ತಿಂತೀನಿ ರೀ. ಹಲ್ಲು ಬರೋಕೆ ಮುಂಚೆಯಿಂದ ತಿಂತೀನಿ, ಹಲ್ಲು ಹೋದ ಮ್ಯಾಲೂ ತಿಂತಾ ಇದೀನಿ. ನಮ್ದು ತುಪ್ಪದ ಮನೆ."

"ನಿಮ್ಮ ಕೊಲೆಸ್ಟ್ರಾಲು ನನ್ನದಕ್ಕಿಂತ ಚೆನ್ನಾಗೈತೆ," ಎಂದರು ಡಾಕ್ಟರು. ಹೇಳುವಾಗ ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಪಾಪ, ಅವರು ತುಪ್ಪ ಬಿಟ್ಟು ಎಷ್ಟೋ ವರ್ಷವಾಗಿತ್ತಂತೆ.

ಪಕ್ಕದಲ್ಲಿದ್ದ ನನ್ನ ಮಗಳಿಗೆ ಅವರು ವಿಷಯ ಬಿಡಿಸಿ ಹೇಳಿದರು. ಕೊಲೆಸ್ಟ್ರಾಲು ಎಂದರೆ ರಕ್ತದಲ್ಲಿರುವ ಒಂದು ಬಗೆಯ ಜಿಡ್ಡು. ಅದು ತಿನ್ನುವುದರಿಂದಲೂ ಏರುತ್ತದೆ, ಆದರೆ ಬಹುಪಾಲನ್ನು ನಮ್ಮ ಯಕೃತ್ತೇ, ಅಂದರೆ ಲಿವರೇ, ತಯಾರಿಸುತ್ತದೆ. ಹೆಚ್ಚಾದದ್ದನ್ನು ರಕ್ತದಿಂದ ಹಿಂದಕ್ಕೆ ಎಳೆದುಕೊಳ್ಳುವುದೂ ಅದೇ. ಕೆಲವು ಮನೆತನಗಳಲ್ಲಿ ಆ ಎಳೆದುಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಅಂಥವರು ಒಣ ರೊಟ್ಟಿ ತಿಂದರೂ ರಕ್ತದಲ್ಲಿ ಜಿಡ್ಡು ನಿಲ್ಲುತ್ತದೆ, ತುಪ್ಪ ತಿಂದರಂತೂ ಇನ್ನೂ ಕೆಟ್ಟಿತು. ಅದು ಎದೆಯ ರಕ್ತನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. "ಕೆಲವರಿಗೆ ಕಣ್ಣ ರೆಪ್ಪೆ ಮೇಲೆ ಹಳದಿ ಗಂಟು ಬರ್ತವೆ," ಎಂದು ತಮ್ಮ ರೆಪ್ಪೆಯ ಒಳಮೂಲೆಯನ್ನು ಮುಟ್ಟಿ ತೋರಿಸಿದರು.

ನನಗೆ ನಗು ಬಂದುಬಿಟ್ಟಿತು. ತಡೆಯಲಾಗದ ನಗು. ಡಾಕ್ಟರಿಗೆ ರೇಗಿತು. "ನಿಮ್ಮನ್ನ ನೋಡಿ ಊರೋರೆಲ್ಲ ತುಪ್ಪ ಕುಡಿಯಾಕೆ ಶುರು ಮಾಡಿದ್ರೆ ನಗಾಕೆ ಯಾರೂ ಉಳಿಯಲ್ಲ," ಎಂದು ಗದರಿದರು. ಅವರ ಮಾತು ಸರಿಯೇ. ಆದರೆ ಆ ಹಳದಿ ಗಂಟುಗಳು ಇಲ್ಲದಿರುವುದೇ ನನ್ನ ಹರೆಯದ ದೊಡ್ಡ ಅವಮಾನವಾಗಿತ್ತು ಎಂಬುದನ್ನು ಬಿಳಿ ಕೋಟು ಹಾಕಿಕೊಂಡ ಮನುಷ್ಯನಿಗೆ ಹೇಗೆ ಹೇಳಲಿ?

ಮೂವತ್ತರ ದಶಕದ ಮಾತು. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಸಣ್ಣ ಸಂತೆಯೂರು. ಸಂತೆಯ ದಿನ ಗೋವಿನಕೋವಿ ಮತ್ತು ಸುತ್ತಲಿನ ಹಳ್ಳಿಗಳ ಹೆಂಗಸರು ಮಜ್ಜಿಗೆಯಲ್ಲಿ ತೇಲಿಬಿಟ್ಟ ಬೆಣ್ಣೆಯ ಗಡಿಗೆ ಹೊತ್ತು ನಮ್ಮ ಜಗುಲಿಗೆ ಬರುತ್ತಿದ್ದರು. ನಾವು ಕೊಂಡು, ಕಾಯಿಸಿ, ಡಬ್ಬಿಗೆ ತುಂಬಿ ಚನ್ನಗಿರಿ, ಹೊನ್ನಾಳಿಗಳಿಗೆ ಗಾಡಿಯಲ್ಲಿ ಸಾಗಿಸುತ್ತಿದ್ದೆವು. ನಮಗೆ ಬೋರ್ಡು ಗೀರ್ಡು ಇರಲಿಲ್ಲ. ನಮ್ಮ ಗಂಡಸರ ಕಣ್ಣೇ ಬೋರ್ಡು. ನಮ್ಮ ತಾತನಿಗೆ, ಅಪ್ಪನಿಗೆ, ಎರಡೂ ಕಣ್ಣಿನ ಮೇಲಿನ ರೆಪ್ಪೆಯಲ್ಲಿ, ಮೂಗಿನ ಕಡೆಯ ಮೂಲೆಗೆ, ಬೆಣ್ಣೆ ಮೆತ್ತಿದಂತೆ ಹಳದಿ ಗಂಟುಗಳಿದ್ದವು. ಊರವರು ನಮ್ಮನ್ನು ಬೆಣ್ಣೆಗಣ್ಣಿನವರು ಎನ್ನುತ್ತಿದ್ದರು. ತಿಂದು ತಿಂದು, ಉಂಡು ಉಂಡು, ಬೆಣ್ಣೆ ಒಳಗೆ ಜಾಗ ಸಾಲದೆ ಕಣ್ಣಿಗೆ ಬಂದು ಕೂತಿದೆ ಎಂದು ಎಲ್ಲರ ನಂಬಿಕೆ. ಇಂಥವರ ತುಪ್ಪದಲ್ಲಿ ಕಲಬೆರಕೆ ಎಲ್ಲಿಂದ ಬಂದೀತು?

ಮನೆಯಲ್ಲಿ ಅದಕ್ಕೊಂದು ಪದ್ಧತಿಯೂ ಇತ್ತು. ಕಣ್ಣಲ್ಲಿ ಬೆಣ್ಣೆ ಮೂಡಿದ ಗಂಡು ಮಾತ್ರ ತಕ್ಕಡಿಯ ಮಣೆಯ ಮೇಲೆ ಕೂರಬೇಕು. ಮೂಡದವನು ಎಷ್ಟೇ ವಯಸ್ಸಾಗಿರಲಿ, ಒಲೆಯ ಮುಂದೆ ಕೂತು ಸೌದೆ ನೂಕಬೇಕು. ಮೂಡಿದ ದಿನ ಅಕ್ಕಪಕ್ಕದ ಮನೆಗಳಿಗೆಲ್ಲ ಒಂದೊಂದು ಸೌಟು ಹೊಸ ತುಪ್ಪ ಹಂಚಿ, ಹುಡುಗನಿಗೆ ಆರತಿ ಎತ್ತಿ ಮಣೆಗೆ ಕೂರಿಸುತ್ತಿದ್ದರು.

ಈ ಬೆಣ್ಣೆಗಣ್ಣಿನ ಗಂಡಸರು ಯಾರೂ ಮುದುಕರಾಗುತ್ತಿರಲಿಲ್ಲ ಎಂಬುದನ್ನು ಮಾತ್ರ ಒಬ್ಬರೂ ಗಮನಿಸಲಿಲ್ಲ. ತಾತ ಸಂತೆಯಲ್ಲಿ ಡಬ್ಬಿ ಎತ್ತುವಾಗ ಕುಸಿದು ಹೋದ. ಅಪ್ಪ ಚನ್ನಗಿರಿ ದಾರಿಯಲ್ಲಿ ಗಾಡಿಯಲ್ಲಿ ಕೂತಲ್ಲೇ ಹೋದರು. ಎತ್ತುಗಳಿಗೆ ದಾರಿ ಗೊತ್ತಿತ್ತು, ತಾವೇ ಪೇಟೆಗೆ ತಂದು ನಿಲ್ಲಿಸಿದವು. ಗಿರಾಕಿಗಳು ಅಪ್ಪ ತೂಕಡಿಸುತ್ತಿದ್ದಾರೆ ಅಂದುಕೊಂಡು ಕಾದರಂತೆ. ಎದೆಗೆ ವಾಯು ಏರಿತು ಎಂದರು, ದೃಷ್ಟಿ ತಗುಲಿತು ಎಂದರು, ಪುಣ್ಯವಂತ, ನರಳಲಿಲ್ಲ ಎಂದರು. ಅವ್ವ ಅತ್ತಳು. ನಾವಿಬ್ಬರು ಗಂಡುಮಕ್ಕಳೂ ಅತ್ತೆವು. ಆಮೇಲೆ ಮುಂದಿನ ಸಂತೆಗೆ ಬೆಣ್ಣೆ ಕೊಂಡೆವು.

ಅಣ್ಣ ನನಗಿಂತ ದೊಡ್ಡವನು, ಒಳ್ಳೆಯವನು, ನಗುಮೊಗದವನು. ಆದರೆ ತುಪ್ಪದ ಮನೆಯಲ್ಲಿ ಹುಟ್ಟಬಾರದಿತ್ತು. ಅವನಿಗೆ ಹಾಲಿನ ವಾಸನೆ ಕಂಡರೆ ವಾಕರಿಕೆ. ಬೆಣ್ಣೆ ಕಾಯುವಾಗ ಮೂಗಿಗೆ ಪಂಚೆ ಕಟ್ಟಿಕೊಂಡು ಓಡಾಡುತ್ತಿದ್ದ. ಅವನ ಊಟವೆಂದರೆ ರೊಟ್ಟಿ, ಹಸಿಮೆಣಸಿನಕಾಯಿ, ಉಪ್ಪು, ಹುರುಳಿಕಾಳು. ಅಂಥವನಿಗೆ, ಕೇಳಿ, ಮೀಸೆ ಬಲಿಯುವ ಹೊತ್ತಿಗೆ ಎರಡೂ ಕಣ್ಣಿನ ಮೇಲೆ ಬೆಣ್ಣೆ ಮೂಡಿತು! ಚಂದಾಗಿ, ದುಂಡಗೆ, ಅಪ್ಪನಿಗಿಂತ ದೊಡ್ಡದು. ಆರತಿಯಾಯಿತು, ಮಣೆಯಾಯಿತು. ಹಂಚಿಕಡ್ಡಿಯಂತಿದ್ದ ನಾನು ಒಲೆಯ ಮುಂದೆ ಕೂತು, ತುಪ್ಪದ ತಳದ ಗಸಿಗೆ ಬೆಲ್ಲ ಕಲಸಿ ತಿನ್ನುತ್ತಾ, ಹೊಟ್ಟೆಯಲ್ಲಿ ಒಲೆಗಿಂತ ಜೋರಾಗಿ ಉರಿದುಕೊಂಡೆ.

ನ್ಯಾಯವೇ ಇದು? ಮನೆಯ ಬೆಣ್ಣೆಯನ್ನು ನಿಷ್ಠೆಯಿಂದ ತಿನ್ನುತ್ತಿದ್ದವನು ನಾನು. ಅನ್ನಕ್ಕೆ ತುಪ್ಪ ಹಾಕಿಕೊಳ್ಳುತ್ತಿರಲಿಲ್ಲ, ತುಪ್ಪಕ್ಕೆ ಅನ್ನ ಹಾಕಿಕೊಳ್ಳುತ್ತಿದ್ದೆ. ಅಣ್ಣನಿಗೆ ಮೂಡಿದ ಮೇಲೆ ಛಲ ಬಂತು. ಬೆಳಗಾಗೆದ್ದು ಗಡಿಗೆಗೆ ಕೈ ಹಾಕಿ ನಿಂಬೆಗಾತ್ರದ ಬೆಣ್ಣೆ ನುಂಗುವುದು, ಮಧ್ಯಾಹ್ನ ತುಪ್ಪ, ಸಂಜೆ ಗಸಿ. ಹೊನ್ನಾಳಿಯ ಪಂಡಿತರೊಬ್ಬರ ಬಳಿ ಹೋಗಿ ನಾಡಿ ತೋರಿಸಿದೆ. ಅವರು ಗಂಭೀರವಾಗಿ, "ನಿನ್ನ ಒಡಲು ಬಾಳ ಒಣಗೈತೆ. ಎಲ್ಲಾ ಒಳಗೇ ಹೀರ್ಕೋತೈತೆ. ಇನ್ನೂ ತಿನ್ನು," ಎಂದರು. ತಿಂದೆ. ಫಲ ಸಿಕ್ಕಿತು. ಕಣ್ಣಿನ ಮೇಲಲ್ಲ, ಕೂರುವ ಜಾಗದಲ್ಲೇ ಕುರು ಎದ್ದು ಒಂದಿಡೀ ಬೇಸಿಗೆ ನಿಂತೇ ಸೌದೆ ನೂಕಿದೆ.

ಒಮ್ಮೆ ಅಣ್ಣನಿಗೆ ಜ್ವರ ಬಂದು ಚನ್ನಗಿರಿಗೆ ನಾನೇ ಗಾಡಿ ಹೊಡೆದೆ. ಮಾಮೂಲಿ ಗಿರಾಕಿ ಮನೆಯ ಯಜಮಾನಿ ಹೊರಗೆ ಬಂದವಳು ಡಬ್ಬಿಯ ಕಡೆ ನೋಡಲೇ ಇಲ್ಲ. ನನ್ನ ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿದಳು. "ನೀನು ಆ ಮನೆಯೋನೇನೋ? ಕಣ್ಣು ಬೋಳಾಗೈತಲ್ಲ!" ಎಂದಳು. ನಾನು ಆಣೆ ಇಟ್ಟೆ, ಅಪ್ಪನ ಹೆಸರು ಹೇಳಿದೆ, ತಾತನ ಹೆಸರು ಹೇಳಿದೆ. "ಹೆಸರು ಯಾರು ಬೇಕಾದ್ರೂ ಹೇಳ್ತಾರೆ. ಡಬ್ಬಿ ಮುಚ್ಚು. ನಿಮ್ಮಣ್ಣ ಬರ್ಲಿ," ಎಂದು ಬಾಗಿಲು ಹಾಕಿಕೊಂಡಳು. ತುಂಬಿದ ಡಬ್ಬಿಗಳನ್ನು ಹಾಗೇ ಹೇರಿಕೊಂಡು ಬಂದೆ. ಹಾಳಾದ ಎತ್ತುಗಳೂ ನನ್ನನ್ನು ನೋಡಿ ನಗುತ್ತಿವೆ ಅನಿಸಿತು.

ಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಿಂದ ಓಡತೊಡಗಿದವು. ಅತ್ತಿಗೆಯ ತವರು ಜಗಳೂರು ಕಡೆ. ಅಲ್ಲಿ ಸೊಕ್ಕೆಯಲ್ಲಿ ಅವರ ಬಳಗದ ಒಂದು ಮದುವೆಗೆ ತುಪ್ಪ ಬೇಕೆಂದು ಹೇಳಿಕಳಿಸಿದರು. ಆ ಕಡೆ ನಮ್ಮ ಕಣ್ಣಿನ ಕೀರ್ತಿ ಹಬ್ಬಿರಲಿಲ್ಲವಾದ್ದರಿಂದ ನನ್ನನ್ನು ಕಳಿಸಬಹುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ದಾವಣಗೆರೆಯಿಂದ ಜಗಳೂರಿಗೆ ಇದ್ದಿಲ ಬಸ್ಸು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನೂಕಬೇಕು. ಸೊಕ್ಕೆ ಮುಟ್ಟುವಾಗ ನನ್ನ ಮುಖದಲ್ಲಿ ಹಲ್ಲು ಬಿಟ್ಟರೆ ಬಿಳಿಯದು ಏನೂ ಉಳಿದಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಒಬ್ಬಳು ಹುಡುಗಿ ಡಬ್ಬಿಯ ಮುಚ್ಚಳ ತೆಗೆಸಿದಳು. ತುಪ್ಪವನ್ನು ಅಂಗೈ ಹಿಂದೆ ಸವರಿಕೊಂಡು ತಿಕ್ಕಿ ಮೂಸಿದಳು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ತುಪ್ಪ ಚಲೋ ಐತೆ. ಆದ್ರೆ ಇದ್ರ ಜತಿಗೆ ಇದ್ದಿಲು ಯಾಕೆ ಕಳ್ಸ್ಯಾರೆ?"

ಒಳಗಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನನಗೆ ಸಿಟ್ಟು ಬರಬೇಕಿತ್ತು, ನಾನು ಮುಂಗೋಪಿ. ಬರಲಿಲ್ಲ. ಅವಳು ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಮುಖ ತೊಳೆದುಕೊಂಡೆ. ಅವಳು ನನ್ನ ಮುಖವನ್ನೂ ಕಣ್ಣನ್ನೂ ಸ್ವಲ್ಪ ಹೊತ್ತು ಹೆಚ್ಚಾಗೇ ನೋಡಿದಳು, ಅದಂತೂ ಖಾತ್ರಿ. ನಾನು ಮದುವೆ ಮುಗಿಯುವವರೆಗೂ ಖಾಲಿ ಡಬ್ಬಿ ಕಾಯುವ ನೆಪದಲ್ಲಿ ಅಲ್ಲೇ ಉಳಿದೆ. ಊರಿಗೆ ಬಂದು ಅತ್ತಿಗೆಯ ಮುಂದೆ ನಿಂತು ಹೇಳಿಬಿಟ್ಟೆ: ಮದುವೆ ಅಂತಾದರೆ ಅವಳನ್ನೇ, ಇಲ್ಲದಿದ್ದರೆ ಒಲೆಯ ಮುಂದೆ ಹೀಗೇ ಸಾಯುತ್ತೇನೆ.

ಅತ್ತಿಗೆ ಹೇಳಿಕಳಿಸಿದರು. ಹುಡುಗಿಗೆ ಅಪ್ಪ ಇರಲಿಲ್ಲ. ಅಪ್ಪನ ತಾಯಿ, ಅಂದರೆ ಅಜ್ಜಿಯೇ, ಮನೆಯ ಯಜಮಾನಿ. ಆ ಕಡೆಯಿಂದ ಬಂದ ಮೊದಲ ಪ್ರಶ್ನೆಯೇ, ಹುಡುಗನ ಕಣ್ಣು ಹೇಗಿದೆ ಎಂದು. ಸೊಕ್ಕೆಗೂ ಮುಟ್ಟಿತಲ್ಲ ನಮ್ಮ ಕೀರ್ತಿ! ಅತ್ತಿಗೆ ಇದ್ದದ್ದನ್ನು ಇದ್ದಂತೆ ಹೇಳಿಸಿದರು: ಹುಡುಗನ ಕಣ್ಣಲ್ಲಿ ಏನೂ ಇಲ್ಲ. ಆದರೂ ಅಜ್ಜಿ ಹುಡುಗನನ್ನು ನೋಡಲು ಬರುತ್ತಾರೆಂದು ಉತ್ತರ ಬಂತು.

"ಇಲ್ಲ ಅಂತ ಹೇಳಿದ್ರೂ ಬರ್ತಾವ್ರೆ. ನೀನು ಸುಮ್ಕೆ ಮುಖ ತೊಳ್ಕಂಡು ಕುಂತ್ರೆ ಸಾಕು," ಎಂದರು ಅತ್ತಿಗೆ.

ಸುಮ್ಮನೆ ಕೂರುವ ಜಾತಿಯೇ ನನ್ನದು? ನಾನು ಲೆಕ್ಕ ಹಾಕಿದೆ. ಅಷ್ಟು ದೂರದಿಂದ ಬರುವ ಮುದುಕಿ ಬೋಳುಗಣ್ಣು ನೋಡಿ, ಈ ಹುಡುಗನಿಗೆ ಮನೆಯಲ್ಲಿ ತುಪ್ಪವೇ ಇಕ್ಕುವುದಿಲ್ಲ, ನಾಳೆ ಮೊಮ್ಮಗಳಿಗೂ ಇಕ್ಕುವುದಿಲ್ಲ ಎಂದುಕೊಂಡರೆ? ಅತ್ತಿಗೆ ಕುಂಕುಮ ಇಡುವ ಮುಂಚೆ ಹಣೆಗೆ ಹಚ್ಚುವ ಜೇನುಮೇಣದ ಭರಣಿ ಗೂಡಲ್ಲಿತ್ತು. ಅದರಿಂದ ಒಂದು ಚೂರು ಕಿತ್ತೆ. ಅರಿಶಿನ ಹಾಕಿ ನಾದಿದೆ. ಒಲೆಯ ಶಾಖ ಹಿಡಿದು ಮೆತ್ತಗೆ ಮಾಡಿ, ಎರಡು ಚಪ್ಪಟೆ ಗುಂಡು ಕಟ್ಟಿ, ಕನ್ನಡಿ ಮುಂದೆ ನಿಂತು ರೆಪ್ಪೆಗಳ ಮೇಲೆ ಮೆತ್ತಿಕೊಂಡೆ. ನೋಡಿದರೆ, ಆಹಾ! ಸಾಕ್ಷಾತ್ ನಮ್ಮಪ್ಪ. ಕನ್ನಡಿಯಲ್ಲಿ ಕಂಡ ಅಪ್ಪನಿಗೆ ಕೈ ಮುಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಅಂದು ಸಂತೆ. ಅಜ್ಜಿ ಗಾಡಿ ಇಳಿದು, ಕಾಲು ತೊಳೆದು, ಜಗುಲಿಯಲ್ಲಿ ಕೂತರು. ಅವ್ವ ನೀರು ಬೆಲ್ಲ ತಂದಿಟ್ಟಳು. ನಾನು ಒಳಗಿನಿಂದ, ರೆಪ್ಪೆ ಭಾರವಾಗಿ ಅರ್ಧ ಮುಚ್ಚಿದ ಕಣ್ಣಲ್ಲಿ, ಬಸವನಂತೆ ತಲೆ ಎತ್ತಿಕೊಂಡು ಬಂದೆ. ಅಣ್ಣ ತಕ್ಕಡಿಯ ಮಣೆಯಿಂದ ನನ್ನನ್ನು ನೋಡಿದವನು ಬಾಯಿಗೆ ಕೈ ಅಡ್ಡ ಹಿಡಿದ. ಅತ್ತಿಗೆ "ಅಯ್ಯೋ ಶಿವನೇ!" ಅಂದದ್ದು ಕೇಳಿಸಿತು.

ಅಜ್ಜಿ ನನ್ನ ಮುಖವನ್ನು ನೋಡಿದರು. ಎತ್ತಿದ ನೀರಿನ ಲೋಟವನ್ನು ಹಾಗೇ ಕೆಳಗಿಟ್ಟರು. ಅತ್ತಿಗೆಯ ಕಡೆ ತಿರುಗಿ, "ಏನೂ ಇಲ್ಲ ಅಂತ ಹೇಳಿಸಿದ್ಯಲ್ಲವ್ವ. ಸುಳ್ಳು ಹೇಳಿ ಹೆಣ್ಣು ತರಾಕೆ ನೋಡಿದ್ರಾ?" ಎಂದು ಎದ್ದೇಬಿಟ್ಟರು. ಹೊಸಿಲು ದಾಟಿ ಗಾಡಿಯ ಕಡೆ ನಡೆದರು.

ಅವ್ವನಿಗೆ ರೋಷ ಉಕ್ಕಿತು. "ಏನಮ್ಮಾ, ನಮ್ಮ ಮನೆತನದ ಬೆಣ್ಣೆಗಣ್ಣು ನಿಮಗೆ ಬ್ಯಾಡಾತಾ? ಊರೇ ಕೈ ಮುಗಿಯೋ ಕಣ್ಣು ಅದು," ಎಂದು ಹಿಂದೆಯೇ ಹೋದಳು.

ಅಜ್ಜಿ ಗಾಡಿಯ ಹತ್ತಿರ ನಿಂತರು. ಅವರ ಕಣ್ಣು ತುಂಬಿತ್ತು. "ಬೆಣ್ಣೆ ಅಂತೀರಾ ಇದನ್ನ? ನಮ್ಮೂರಾಗೆ ಬೆಣ್ಣೆ ಎಲ್ಲೈತೆ ತಾಯಿ? ನವಣೆ ಅನ್ನ, ಹುರುಳಿ ಸಾರು ತಿಂದ್ರೂ ನಮ್ಮ ಮನೆಯೋರಿಗೆ ಕಣ್ಣಾಗೆ ಇದೇ ಬಂತು. ನನ್ನ ಗಂಡಂಗಿತ್ತು, ಹೋದ. ಮಗಂಗೆ ಬಂತು, ಈ ಹುಡುಗಿ ಅಪ್ಪ, ಅವನೂ ಹೋದ. ಮಗಳಿಗೂ ಇತ್ತು. ಅವಳನ್ನ ಗೊತ್ತಿಲ್ದೆ ಇಂಥದೇ ಕಣ್ಣಿನ ಮನೆಗೆ ಕೊಟ್ಟೆ. ಒಂದು ಕೂಸು ಹುಟ್ಟಿತು. ಅದಕ್ಕೆ ಕಣ್ಣಿಗಷ್ಟೇ ಅಲ್ಲ, ಮೊಣಕೈಗೆ, ಹಿಮ್ಮಡಿಗೆ, ಬೆರಳ ಗೆಣ್ಣಿಗೆ, ಎಲ್ಲಾ ಕಡೆ ಗಂಟು. ಆಡ್ತಾ ಆಡ್ತಾ ಎದೆ ಹಿಡ್ಕಂಡು ಬಿದ್ದು ಹೋತು. ಇನ್ನೂ ಹಾಲು ಹಲ್ಲು ಉದುರ್ತಾ ಇದ್ದ ಕೂಸು. ಹಿಂದೆ ನಮ್ಮೋರು ಯಾರೋ ಕರುವಿಗೆ ಹಾಲು ಬಿಡದೆ ಕೊಂದಿರಬೇಕು, ಅದರ ಶಾಪ ಇದು. ಈ ಹುಡುಗೀಗೆ ಇನ್ನೂ ಕಂಡಿಲ್ಲ, ನಾಳೆ ಬರಬೋದು, ಮುಚ್ಚಿಡಲ್ಲ. ಬಂದ್ರೆ ಒಂದು ಕಡೆಯಿಂದ ಬರ್ಲಿ. ಎರಡೂ ಕಡೆಯಿಂದ ಬ್ಯಾಡ. ಬೋಳುಗಣ್ಣಿನ ಹುಡುಗ ಅಂತ ಕೇಳಿ ಅಷ್ಟು ದೂರದಿಂದ ಬಂದೆ."

ನಾನು ಬಾಗಿಲ ಹಿಂದೆ ನಿಂತಿದ್ದೆ. ಹುಟ್ಟಿದಂದಿನಿಂದ ಯಾವ ಕಣ್ಣಿಗಾಗಿ ನಾಚಿಕೊಂಡಿದ್ದೆನೋ ಆ ಕಣ್ಣನ್ನು ಹುಡುಕಿಕೊಂಡು ಒಬ್ಬಳು ಮುದುಕಿ ನಮ್ಮ ಬಾಗಿಲಿಗೆ ಬಂದಿದ್ದಳು. ನಾನು ಅದಕ್ಕೆ ಮೇಣ ಮೆತ್ತಿದ್ದೆ. ಉಗುರಿನಿಂದ ಕೆರೆದೆ. ಮೇಣ ಬರಲಿಲ್ಲ, ರೆಪ್ಪೆಯ ಕೂದಲು ಬಂತು. ನೀರು ಹಾಕಿ ತಿಕ್ಕಿದೆ, ಅರಿಶಿನ ಹರಡಿ ಕೆನ್ನೆಯೆಲ್ಲ ಹಳದಿಯಾಯಿತು. ಅಷ್ಟರಲ್ಲಿ ಗಾಡಿಯ ಗೆಜ್ಜೆ ಸದ್ದಾಯಿತು. ಓಡಿದೆ.

ಸಂತೆಯ ನಡುವೆ, ಬೆಣ್ಣೆ ಗಡಿಗೆಗಳ ನಡುವೆ, ಒಂದು ಕಣ್ಣು ಮುಚ್ಚಿಕೊಂಡು, "ಅಜ್ಜೀ, ನಿಲ್ರಿ! ಇದು ನಂದಲ್ಲ! ಇದು ಅತ್ತಿಗೆಯ ಮೇಣ!" ಎಂದು ಅರಚುತ್ತಾ ಓಡಿದೆ. ಇಡೀ ನ್ಯಾಮತಿ ತಿರುಗಿ ನೋಡಿತು. ಆ ದಿನ ಸಂತೆಯಲ್ಲಿದ್ದವರು ಎಷ್ಟೋ ವರ್ಷ ನನ್ನನ್ನು ಕಂಡಾಗೆಲ್ಲ, "ಏನ್ರೀ, ಇವತ್ತು ಕಣ್ಣು ನಿಮ್ದೇನಾ?" ಎಂದು ಕೇಳುತ್ತಿದ್ದರು.

ಗಾಡಿ ನಿಂತಿತು. ಅಜ್ಜಿ ಬಗ್ಗಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಹೆಬ್ಬೆರಳಿನಿಂದ ಗಂಟನ್ನು ಒತ್ತಿದರು. "ತುಪ್ಪ ತರ್ರಿ, ಬಿಸೀದು," ಎಂದರು. ಹಿಂದೆ ಓಡಿಬಂದಿದ್ದ ಅಣ್ಣ ಒಲೆಯ ಮೇಲಿದ್ದದ್ದನ್ನೇ ಒಂದು ಬಟ್ಟಲಲ್ಲಿ ತಂದ. ಸೆರಗಿನ ತುದಿಯನ್ನು ಅದ್ದಿ ಅಜ್ಜಿ ನನ್ನ ರೆಪ್ಪೆಯನ್ನು ಮೆಲ್ಲಗೆ ಉಜ್ಜಿದರು. ಮೇಣ ಕರಗಿ ಬಿಟ್ಟಿತು. ಒಂದು ಕಣ್ಣು, ಆಮೇಲೆ ಇನ್ನೊಂದು. ಬೋಳುಗಣ್ಣು ಹೊರಬಂತು. ಅಜ್ಜಿ ಅಳುತ್ತಲೇ ನಗತೊಡಗಿದರು.

"ಇಂಥ ಪೆದ್ದನ್ನ ನಮ್ಮ ಜಿಲ್ಲೆಯಾಗೆ ಹುಡುಕಿದ್ರೂ ಸಿಗ್ತಿರಲಿಲ್ಲ," ಎಂದರು. ಆಮೇಲೆ ಗಟ್ಟಿಯಾಗಿ ಹೇಳಿದರು: "ನಿಮ್ಮಣ್ಣಂಗೆ ಬಂದ ವಯಸ್ಸು ನಿಂದೂ ದಾಟ್ಲಿ. ಬರೋ ಉಗಾದಿ ತನಕ ನೋಡಾನ. ಕಣ್ಣು ಹಿಂಗೇ ಇದ್ರೆ ಹುಡುಗಿ ನಿಂದು. ತುಪ್ಪ ಬಿಡಬ್ಯಾಡ ಮತ್ತೆ. ತಿಂದು ಬರಂಗಿದ್ರೆ ಈಗ್ಲೇ ಬರ್ಲಿ."

ಅಲ್ಲಿಂದ ನನ್ನ ಬಾಳು ತಲೆಕೆಳಗಾಯಿತು. ನಿನ್ನೆಯವರೆಗೂ ಬಾ ಬಾ ಎಂದು ಕರೆದದ್ದನ್ನು ಈಗ ಬರಬೇಡ ಬರಬೇಡ ಎಂದು ಬೇಡಿಕೊಳ್ಳುತ್ತಿದ್ದೆ. ಅಜ್ಜಿ ತಿನ್ನು ಎಂದಿದ್ದರೂ ಗಂಟಲಲ್ಲಿ ಇಳಿಯಬೇಕಲ್ಲ? ತುಪ್ಪ ಕಂಡರೆ ತಟ್ಟೆ ಸರಿಸಿಬಿಡುತ್ತಿದ್ದೆ. ಅಣ್ಣನ ಪಕ್ಕ ಕೂತು ಒಣ ರೊಟ್ಟಿ ಮೆಣಸಿನಕಾಯಿ ತಿಂದು ಕಣ್ಣಲ್ಲಿ ನೀರು ಸುರಿಸಿದೆ. ಆ ನೀರನ್ನು ಒರೆಸಿಕೊಳ್ಳುವಾಗಲೂ ರೆಪ್ಪೆ ತಡವಿ ನೋಡಿಕೊಳ್ಳುತ್ತಿದ್ದೆ. ಒಮ್ಮೆ ಸೊಳ್ಳೆ ಕಚ್ಚಿ ರೆಪ್ಪೆ ಊದಿದ್ದಕ್ಕೆ ಊಟ ಬಿಟ್ಟು ಮಲಗಿದೆ.

ಅಣ್ಣ ದಿನಾ ಬೆಳಿಗ್ಗೆ ಮಣೆಗೆ ಕೂರುವ ಮುಂಚೆ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದ. "ಇಲ್ಲ. ಇವತ್ತೂ ಪಾಸು," ಎಂದು ಬೆನ್ನಿಗೊಂದು ಗುದ್ದುತ್ತಿದ್ದ. ಆದರೆ ಅಜ್ಜಿ ಹೇಳಿದ್ದನ್ನು ಅವನೂ ಕೇಳಿಸಿಕೊಂಡಿದ್ದ. ತಕ್ಕಡಿ ಹಿಡಿದು ಕೂತಾಗ ಆಗಾಗ ತನ್ನ ರೆಪ್ಪೆಯನ್ನು ಮುಟ್ಟಿಕೊಳ್ಳುವುದನ್ನು ನೋಡಿದೆ. ಒಂದು ದಿನ ರೊಟ್ಟಿ ಮುರಿಯುತ್ತಾ ಕೇಳಿದ:

"ಅಲ್ಲಲೇ, ನಾನು ತುಪ್ಪ ಬಾಯಿಗಿಟ್ಟೋನಲ್ಲ. ನಂಗ್ಯಾಕೆ ಬಂತು?"

"ನಾನು ತಿಂದಿದ್ದೆಲ್ಲ ನಿಂಗೆ ಹೋತು," ಎಂದೆ. ಇಬ್ಬರೂ ನಕ್ಕೆವು. ಅವನು ನನಗಿಂತ ಹೆಚ್ಚೇ ನಕ್ಕ.

ಆ ಚಳಿಗಾಲದಲ್ಲಿ ಹೊನ್ನಾಳಿಗೆ ತುಪ್ಪ ಒಯ್ದ ಅಣ್ಣ ಹೊಳೆಯ ದಂಡೆಯಲ್ಲಿ ಡಬ್ಬಿ ಇಳಿಸಿ, ಬೆವರು ಒರೆಸಿಕೊಂಡು, ಸ್ವಲ್ಪ ಕೂರುತ್ತೇನೆ ಎಂದನಂತೆ. ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ ಅವನಿಗೆ. ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ಊರವರು ಬಂದು ಎದೆಗೆ ವಾಯು ಏರಿತು ಎಂದರು, ಪುಣ್ಯವಂತ ಎಂದರು. ನಾನು ಕೂಗಾಡಿಬಿಟ್ಟೆ. "ಯಾವ ಪುಣ್ಯಾನ್ರೀ? ಯಾರಿಗೆ ಬೇಕಾಗಿತ್ತು ಈ ಸುಡುಗಾಡು ಪುಣ್ಯ?" ಎಂದು ಅಂಗಳದಲ್ಲಿ ನಿಂತು ಬಾಯಿಗೆ ಬಂದಂತೆ ಬೈದೆ. ಯಾರನ್ನು ಬೈದೆನೋ ಗೊತ್ತಿಲ್ಲ. ನಾನು ತಿಂದದ್ದೆಲ್ಲ ನಿನಗೆ ಹೋಯಿತು ಎಂದು ಅವನಿಗೆ ಹೇಳಿದ ಕೊನೆಯ ತಮಾಷೆ ನನ್ನನ್ನು ಕಾಡುತ್ತಿತ್ತು. ಲಿವರು, ಹುಟ್ಟು ಎಂದೆಲ್ಲ ದಾವಣಗೆರೆಯ ಡಾಕ್ಟರು ಬಿಡಿಸಿ ಹೇಳುವವರೆಗೂ, ಅರ್ಧ ಶತಮಾನ, ಅದು ನಿಜವಿದ್ದರೂ ಇರಬಹುದು ಎಂದೇ ನಾನು ಒಳಗೊಳಗೆ ಹೆದರಿದ್ದೆ.

ಉಗಾದಿ ಬಂತು. ಅಜ್ಜಿ ಬಂದು ನನ್ನ ಕಣ್ಣು ನೋಡಿದರು, ತಲೆ ಸವರಿದರು. ಸೂತಕದ ವರ್ಷ ಕಳೆದ ಮೇಲೆ ಸರಳವಾಗಿ ಮದುವೆಯಾಯಿತು. ಧಾರೆಯ ಹೊತ್ತಿನಲ್ಲಿ ಅವಳು ನನ್ನ ಮುಖ ನೋಡಿ ಮೆಲ್ಲಗೆ, "ಇವತ್ತು ಇದ್ದಿಲೂ ಇಲ್ಲ, ಮೇಣಾನೂ ಇಲ್ಲ. ಗುರ್ತೇ ಸಿಗಲಿಲ್ಲ ನೋಡ್ರಿ," ಎಂದಳು. ಅಣ್ಣ ಹೋದ ಮೇಲೆ ನಾನು ಮೊದಲ ಸಲ ಬಾಯ್ತುಂಬ ನಕ್ಕದ್ದು ಅಂದೇ.

ಅಣ್ಣನ ಮಣೆ ಖಾಲಿ ಇತ್ತು. ಕೂರಲು ನನಗೆ ಹಕ್ಕಿರಲಿಲ್ಲ, ಮನಸ್ಸೂ ಇರಲಿಲ್ಲ. ಪಕ್ಕದಲ್ಲಿ ನಿಂತು ತೂಗುತ್ತಿದ್ದೆ. ವ್ಯಾಪಾರ ಇಳಿಯಿತು. ಅವಳು ದೂರಲಿಲ್ಲ. ಒಣನೆಲದ ಹುಡುಗಿ, ತುಪ್ಪದ ಮನೆಗೆ ಬಂದರೂ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಹುರುಳಿ ಸಾರು ಬಿಡಲಿಲ್ಲ. ನಾನು ತಟ್ಟೆಗೆ ತುಪ್ಪ ಸುರಿದುಕೊಳ್ಳುವುದನ್ನು ನೋಡಿ, "ಗಡಿಗೆಗೇ ಬಾಯಿ ಹಾಕ್ರಿ, ತಟ್ಟೆ ತೊಳೆಯೋದಾದ್ರೂ ತಪ್ಪುತ್ತೆ," ಎಂದು ಛೇಡಿಸುತ್ತಿದ್ದಳು. ಮಗಳು ಹುಟ್ಟಿದಾಗ ಇಬ್ಬರೂ ಕೂಸನ್ನು ಬಿಸಿಲಿಗೆ ಹಿಡಿದು ಮೊಣಕೈ, ಹಿಮ್ಮಡಿ, ಬೆರಳ ಗೆಣ್ಣು ಒಂದೊಂದಾಗಿ ನೋಡಿದೆವು. ಏನೂ ಇರಲಿಲ್ಲ. ಇಂದಿಗೂ ಮಗಳ ಕಣ್ಣು ನನ್ನಷ್ಟೇ ಬೋಳು.

ಯುದ್ಧ ಮುಗಿದ ಸುಮಾರಿಗೆ ಒಂದು ಬೆಳಿಗ್ಗೆ ಅವ್ವ ಸಡಗರದಿಂದ ಕೂಗಿದಳು. ಸೊಸೆಯ ಕಣ್ಣಲ್ಲಿ ಬೆಣ್ಣೆ ಮೂಡಿತ್ತು. ಇನ್ನೂ ಸಣ್ಣದು, ಎಳೆ ಹಳದಿ, ಮೂಗಿನ ಕಡೆಯ ಮೂಲೆಗೆ. ಅಜ್ಜಿಯ ಮಾತನ್ನೂ, ಸತ್ತ ಮಗನನ್ನೂ ಅವ್ವ ಒಂದು ಗಳಿಗೆ ಮರೆತೇಬಿಟ್ಟಿದ್ದಳೋ, ಮರೆಯಬೇಕೆಂದುಕೊಂಡಿದ್ದಳೋ, ಆರತಿ ಎತ್ತಲು ಪಕ್ಕದ ಮನೆಯ ಮುತ್ತೈದೆಯರನ್ನು ಕರೆತಂದಳು. ನಮ್ಮ ಮನೆಯ ಹೆಣ್ಣೊಬ್ಬಳು ಮಣೆಗೆ ಕೂತದ್ದು ಅದೇ ಮೊದಲು. ಸುದ್ದಿ ಚನ್ನಗಿರಿಯವರೆಗೂ ಹೋಯಿತು. ನನ್ನ ಮುಖಕ್ಕೆ ಬಾಗಿಲು ಹಾಕಿದ್ದ ಯಜಮಾನಿಯೇ ಗಾಡಿ ಕಟ್ಟಿಸಿಕೊಂಡು ಬಂದು ಅವಳ ಕಣ್ಣು ನೋಡಿ ತುಪ್ಪ ಕೊಂಡಳು. ವ್ಯಾಪಾರ ಮತ್ತೆ ಏರಿತು. ಗಿರಾಕಿಗಳು ನನ್ನ ಬೆನ್ನು ತಟ್ಟಿ, "ಅದೃಷ್ಟವಂತ ಕಣ್ರೀ ನೀವು," ಎಂದರು. ನಾನು ಹಲ್ಲು ಕಚ್ಚಿಕೊಂಡು ತೂಗಿದೆ.

ಮುಂದೆ ತಲೆ ನರೆಯುವ ಮುಂಚೆಯೇ ಅವಳು ಹೋದಳು. ಅಷ್ಟು ದಿನ ಸಿಕ್ಕಿದ್ದು ಅವಳ ಹುರುಳಿ ಸಾರಿನ ದೆಸೆಯಿಂದ ಇದ್ದರೂ ಇರಬಹುದು ಎಂದರು ದಾವಣಗೆರೆಯ ಡಾಕ್ಟರು. ನಾನು ಮಾತ್ರ ಇಲ್ಲೇ ಇದ್ದೇನೆ, ತುಪ್ಪ ತಿಂದುಕೊಂಡು.

ಮಣೆಗೆ ಕೂತ ದಿನದ ಮಧ್ಯಾಹ್ನ ಅವಳು ಊಟ ಮಾಡಿ ಗೋಡೆಗೆ ಒರಗಿ ಕೂತಿದ್ದಳು. ನಾನು ಒಲೆಯ ಮೇಲಿನ ತುಪ್ಪವನ್ನು ಒಂದು ಬಟ್ಟಲಲ್ಲಿ ತಂದು ಅವಳ ಮುಂದೆ ಕೂತೆ. ಪಂಚೆಯ ತುದಿ ಅದ್ದಿ, ಅಜ್ಜಿ ನನಗೆ ಮಾಡಿದಂತೆ, ಅವಳ ರೆಪ್ಪೆಯನ್ನು ಮೆಲ್ಲಗೆ ಉಜ್ಜಿದೆ. ಆರಿದರೆ ಮತ್ತೆ ಅದ್ದಿದೆ, ಮತ್ತೆ ಉಜ್ಜಿದೆ. ಅವಳು ಕಣ್ಣು ಮುಚ್ಚಿಕೊಂಡು ಮುಖ ಕೊಟ್ಟಿದ್ದಳು. ಬಹಳ ಹೊತ್ತಿನ ಮೇಲೆ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಸಾಕು ಬಿಡ್ರಿ," ಎಂದಳು. "ಇದು ಮೇಣ ಅಲ್ಲ."